ಎರಡೂ ಕೈ ಸೇರಿದರೆ ಬಲ ಯಾಕೆ ಕಡಿಮೆ ಬೀಳುತ್ತದೆ?

ಹಿಡಿತ ಅಳೆಯುವ ಡೈನಮೋಮೀಟರನ್ನು ಬಲಗೈಯಲ್ಲಿ ಹಿಂಡಿದಾಗ 42 ಕೆ.ಜಿ., ಎಡಗೈಯಲ್ಲಿ 38 ಕೆ.ಜಿ. ಬಂತು ಎಂದುಕೊಳ್ಳಿ. ಕೈಗೊಂದರಂತೆ ಎರಡು ಮೀಟರ್ ಕೊಟ್ಟು ಒಟ್ಟಿಗೆ ಹಿಂಡಿಸಿದರೆ ಲೆಕ್ಕಕ್ಕೆ 80 ಬರಬೇಕು. ಹಲವರಲ್ಲಿ ಬರುವುದಿಲ್ಲ, 75ರ ಹತ್ತಿರ ನಿಂತುಬಿಡುತ್ತದೆ. 1961ರಲ್ಲಿ ಹೆನ್ರಿ ಮತ್ತು ಸ್ಮಿತ್ ಕೈಹಿಡಿತದಲ್ಲೇ ಇದನ್ನು ವರದಿ ಮಾಡಿದ್ದರು. ಇದಕ್ಕೆ ದ್ವಿಪಾರ್ಶ್ವ ಕೊರತೆ ಎಂದು ಹೆಸರು. ಕೊರತೆ ಎಂಬ ಪದ ಕೇಳಿ ಸ್ನಾಯು ಸೋತಿದೆ ಎಂದುಕೊಳ್ಳಬಾರದು. ಅದೇ ಸ್ನಾಯು ಒಂದು ನಿಮಿಷದ ಹಿಂದೆ ಒಂಟಿಯಾಗಿ ಹೆಚ್ಚು ಬಲ ಕೊಟ್ಟಿತ್ತಲ್ಲ. ಬದಲಾದದ್ದು ಮೇಲಿಂದ ಬರುವ ಅಪ್ಪಣೆ.

ಬಲಗೈಗೆ ಅಪ್ಪಣೆ ಮುಖ್ಯವಾಗಿ ಮೆದುಳಿನ ಎಡಭಾಗದ ಮೋಟಾರ್ ಕಾರ್ಟೆಕ್ಸ್‌ನಿಂದ (ಚಲನೆಯನ್ನು ನಡೆಸುವ ಹೊರಪದರದಿಂದ), ಎಡಗೈಗೆ ಬಲಭಾಗದಿಂದ. ಬೆನ್ನುಹುರಿ ಶುರುವಾಗುವ ಜಾಗದಲ್ಲಿ ಹೆಚ್ಚಿನ ನರತಂತುಗಳು ಆಚೀಚೆ ದಾಟುತ್ತವೆ. ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಅವುಗಳ ಮೂಲಕ ಒಂದು ಭಾಗ ಇನ್ನೊಂದನ್ನು ತಡೆದು ಹಿಡಿಯುವುದೂ ಉಂಟು. ತಲೆಯ ಒಂದು ಬದಿಗೆ ಕಾಂತೀಯ ಮಿಡಿತ ಕೊಟ್ಟು, ಸುಮಾರು 10 ಮಿಲಿಸೆಕೆಂಡ್ ಬಿಟ್ಟು ಇನ್ನೊಂದು ಬದಿಗೆ ಕೊಟ್ಟರೆ, ಎರಡನೆಯ ಮಿಡಿತಕ್ಕೆ ಕೈಸ್ನಾಯುವಿನ ಪ್ರತಿಕ್ರಿಯೆ ಕುಗ್ಗುತ್ತದೆ. ಒಂದೇ ಕೈ ಆಡಿಸುವಾಗ ಈ ತಡೆ ಬೇಕೇ ಬೇಕು. ಅದು ಇನ್ನೂ ಪಕ್ವವಾಗದ ಚಿಕ್ಕ ಮಕ್ಕಳಲ್ಲಿ ಒಂದು ಕೈಯ ಬೆರಳು ಮಡಚಿದರೆ ಇನ್ನೊಂದು ಕೈಯ ಬೆರಳೂ ಅಲುಗುವುದನ್ನು ನೋಡಬಹುದು. ಎರಡೂ ಕೈಗೆ ಪೂರ್ತಿ ಬಲ ಬೇಕಾದಾಗ ಇದೇ ಏರ್ಪಾಡು ಪರಸ್ಪರ ಬ್ರೇಕ್ ಹಾಕಿದಂತಾಗುತ್ತದೆ ಎಂಬುದು ಕೊರತೆಗೆ ಕೊಡುವ ಮುಖ್ಯ ವಿವರಣೆ. ಒಂದು ನರಕೋಶ ಮತ್ತು ಅದು ಆಡಿಸುವ ಸ್ನಾಯುತಂತುಗಳ ಗುಂಪಿಗೆ ಮೋಟಾರ್ ಘಟಕ ಎನ್ನುತ್ತಾರೆ. ಸ್ನಾಯುವಿನಲ್ಲಿ ಚಿಕ್ಕ ಘಟಕಗಳು ಮೊದಲು ಏಳುತ್ತವೆ, ಜೋರು ಬಲ ಕೊಡುವ ದೊಡ್ಡವು ಕೊನೆಗೆ. ಅಪ್ಪಣೆ ಸ್ವಲ್ಪ ತಗ್ಗಿದರೂ ಪೆಟ್ಟು ಬೀಳುವುದು ಈ ಕೊನೆಯವಕ್ಕೇ.

ಎಲ್ಲ ಕೊರತೆಯನ್ನೂ ಮೆದುಳಿನ ತಲೆಗೆ ಕಟ್ಟುವುದು ಮಾತ್ರ ತಪ್ಪು. ಒಂದೇ ಕೈಯಲ್ಲಿ ಎಳೆಯುವಾಗ ಸೊಂಟ ತಿರುಗಿಸಿ ಮೈಭಾರವನ್ನೂ ಸೇರಿಸಿಬಿಡುತ್ತೇವೆ, ಎರಡು ಕೈಯಲ್ಲಿ ಅದು ಆಗದು. ಎರಡು ಕಾಲಿನ ಜಿಗಿತದಲ್ಲಿ ಒಂಟಿ ಕಾಲಿನದಕ್ಕಿಂತ ಸ್ನಾಯು ವೇಗವಾಗಿ ಸಂಕುಚಿಸುತ್ತದೆ, ವೇಗವಾಗಿ ಸಂಕುಚಿಸುವ ಸ್ನಾಯುವಿಗೆ ಬಲ ಕಡಿಮೆ. ಅದು ಬರೀ ಯಂತ್ರಶಾಸ್ತ್ರ.

ಅಭ್ಯಾಸದಿಂದ ಇದು ಬದಲಾಗುತ್ತದೆ ಎನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ. 1991ರಲ್ಲಿ ಹೋವರ್ಡ್ ಮತ್ತು ಎನೋಕಾ ಮೊಣಕಾಲು ಚಾಚುವ ಬಲ ಅಳೆದಾಗ, ತರಬೇತಿ ಇಲ್ಲದವರಲ್ಲಿ ಕೊರತೆ ಕಂಡಿತು, ಜೋಡಿಯಾಗಿ ಭಾರ ಎತ್ತಿ ಪಳಗಿದ ವೇಟ್‌ಲಿಫ್ಟರ್‌ಗಳಲ್ಲಿ ಎರಡೂ ಕಾಲು ಒಟ್ಟಿಗೆ ಕೊಟ್ಟ ಬಲ ಒಂಟಿ ಬಲಗಳ ಮೊತ್ತಕ್ಕಿಂತ ಹೆಚ್ಚೇ ಬಂತು. ಹಾಗಾಗಿ ಎರಡೂ ಕೈ ಸೇರಿ ಮಾಡುವ ಕೆಲಸಕ್ಕೆ ಬಲ ಬೇಕಿದ್ದರೆ ಎರಡೂ ಕೈ ಸೇರಿಸಿಯೇ ಅಭ್ಯಾಸ ಮಾಡಬೇಕು. ಒಂಟಿ ಕೈಯ ತರಬೇತಿಯ ಲಾಭ ಒಂಟಿ ಕೈಯ ಬಲದಲ್ಲೇ ಹೆಚ್ಚು ಕಾಣುತ್ತದೆ.

ಅಳೆಯುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಕುಳಿತು, ಮೊಣಕೈ 90 ಡಿಗ್ರಿ ಮಡಚಿ, ತೋಳನ್ನು ಪಕ್ಕೆಗೆ ತಾಗಿಸಿ. ಮೀಟರಿನ ಹಿಡಿಯ ಅಗಲವನ್ನು ಒಮ್ಮೆ ಹೊಂದಿಸಿದ ಮೇಲೆ ಮುಟ್ಟಬೇಡಿ. ಬಲ, ಎಡ, ಎರಡೂ ಎಂದು ತಲಾ 3 ಸಲ, ಪ್ರತಿ ಸಲವೂ 3ರಿಂದ 5 ಸೆಕೆಂಡ್ ಹಿಂಡುವುದು, ನಡುವೆ ಕನಿಷ್ಠ 1 ನಿಮಿಷ ವಿರಾಮ. ಪ್ರತಿಯೊಂದರ ಅತಿ ಹೆಚ್ಚಿನ ಅಂಕಿಯನ್ನು ತೆಗೆದುಕೊಳ್ಳಿ. ಜೋಡಿ ಮೊತ್ತವನ್ನು ಒಂಟಿ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ, 100 ಕಳೆಯಿರಿ. ಮೇಲಿನ ಉದಾಹರಣೆಯಲ್ಲಿ 75/80, ಅಂದರೆ ಮೈನಸ್ 6.25. ಸಾಮಾನ್ಯವಾಗಿ ಎಡವುವುದು ಸರದಿಯಲ್ಲಿ. ಜೋಡಿ ಹಿಂಡುವಿಕೆಯನ್ನು ಯಾವಾಗಲೂ ಕೊನೆಗೆ ಇಟ್ಟರೆ ನೀವು ಅಳೆದದ್ದು ಆಯಾಸವನ್ನು. ಸರದಿಯನ್ನು ಚೀಟಿ ಎತ್ತಿ ನಿರ್ಧರಿಸಿ. ಒಂದಕ್ಕೆ ಹುರಿದುಂಬಿಸಿ ಇನ್ನೊಂದಕ್ಕೆ ಸುಮ್ಮನಿದ್ದರೂ ಅಂಕಿ ವಾಲುತ್ತದೆ.

ಪ್ರತಿಕ್ರಿಯೆಯ ವೇಗದಲ್ಲೂ ಇಂಥದ್ದೇ ಬೆಲೆ ತೆರಬೇಕು, ಆದರೆ ತೀರಾ ಸಣ್ಣದು. ಬೆಳಕು ಕಂಡೊಡನೆ ಬೆರಳು ಒತ್ತಲು ಸುಮಾರು 200 ಮಿಲಿಸೆಕೆಂಡ್ ಬೇಕು, ಶಬ್ದಕ್ಕೆ ಇನ್ನೂ ಕಡಿಮೆ. ಎರಡೂ ಕೈಯಲ್ಲಿ ಒತ್ತಿಸಿದಾಗ ಕೆಲವೇ ಮಿಲಿಸೆಕೆಂಡ್ ತಡವಾಗುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಇದನ್ನು ಸ್ಕೇಲ್ ಬೀಳಿಸಿ ಹಿಡಿಯುವ ಆಟದಲ್ಲಿ ಪತ್ತೆ ಮಾಡುತ್ತೇನೆಂದರೆ ಕಷ್ಟ. 20 ಸೆಂ.ಮೀ. ಬಿದ್ದರೆ 202 ಮಿಲಿಸೆಕೆಂಡ್, 21 ಬಿದ್ದರೆ 207. ಹಿಡಿದ ಗುರುತನ್ನು ಒಂದು ಸೆಂಟಿಮೀಟರ್ ತಪ್ಪಾಗಿ ಓದಿದರೆ ಹುಡುಕುತ್ತಿರುವ ವ್ಯತ್ಯಾಸವೇ ಕರಗಿಹೋಗುತ್ತದೆ. ಕಂಪ್ಯೂಟರಿನಲ್ಲೂ 60 ಹರ್ಟ್ಸ್ ಪರದೆ ಚಿತ್ರ ಬದಲಿಸುವುದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಹತ್ತಾರು ಸಲ ಮಾಡಿಸಿ, ಕಾಯುವ ಸಮಯವನ್ನು 2ರಿಂದ 5 ಸೆಕೆಂಡಿನೊಳಗೆ ಅಡ್ಡಾದಿಡ್ಡಿ ಬದಲಿಸಿ, 100 ಮಿಲಿಸೆಕೆಂಡಿಗಿಂತ ಬೇಗ ಬಂದದ್ದನ್ನು ಊಹೆಯೆಂದು ಬಿಟ್ಟುಬಿಡಿ.

ಎರಡು ಕೈಗೂ ಒಂದೇ ಯೋಜನೆ ಹೊರಡುತ್ತದೆ ಎನ್ನಲು ಇನ್ನೊಂದು ಸಾಕ್ಷಿ ನಿಮ್ಮ ಎರಡು ತೋರುಬೆರಳುಗಳಲ್ಲೇ ಇದೆ. ಮೇಜಿನ ಮೇಲೆ ಇಟ್ಟು ಎರಡನ್ನೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸಿ. ವೇಗ ಏರಿಸುತ್ತ ಹೋಗಿ. ಒಂದು ಹಂತದಲ್ಲಿ ತಾವಾಗಿಯೇ ಕನ್ನಡಿಯ ಪ್ರತಿಬಿಂಬದಂತೆ ಒಳಗೆ-ಹೊರಗೆ ಆಡತೊಡಗುತ್ತವೆ. 1984ರಲ್ಲಿ ಕೆಲ್ಸೊ ಇದನ್ನು ಅಳೆದು ತೋರಿಸಿದರು. ವೇಗ ಇಳಿಸಿದರೂ ಹಳೆಯ ಚಲನೆ ತಾನಾಗಿ ಮರಳುವುದಿಲ್ಲ.

ಈ ಜೋಡಣೆಯಿಂದ ಆಗುವ ಲಾಭವನ್ನೂ ನೋಡಬೇಕು. ಅಂಗೈ ಮೇಲೆ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಕಣ್ಣು ಮುಚ್ಚಿ. ಬೇರೆಯವರು ಅದನ್ನು ಥಟ್ಟನೆ ಎತ್ತಿದರೆ ಕೈ ಮೇಲಕ್ಕೆ ಎಗರುತ್ತದೆ. ನೀವೇ ಇನ್ನೊಂದು ಕೈಯಿಂದ ಎತ್ತಿದರೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಎತ್ತುವ ಕೈಗೆ ಅಪ್ಪಣೆ ಹೋಗುವಾಗಲೇ, ಹೊತ್ತ ಕೈಯ ಬೈಸೆಪ್ಸ್‌ಗೆ ಸಡಿಲಿಸು ಎಂಬ ಸೂಚನೆಯೂ ಹೋಗಿರುತ್ತದೆ. ಪುಸ್ತಕದ ಬದಲು, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದರೆ ಕಳಚಿಕೊಳ್ಳುವ ತೂಕ ಕಟ್ಟಿದರೆ ಮೊದಮೊದಲು ಕೈ ಎಗರುತ್ತಲೇ ಇರುತ್ತದೆ, ಯಾವಾಗ ಕಳಚುತ್ತದೆಂದು ಗೊತ್ತಿದ್ದರೂ. ಹತ್ತಾರು ಸಲ ಒತ್ತಿದ ಮೇಲೆ ಎಗರುವುದು ತಗ್ಗುತ್ತ ಬರುತ್ತದೆ.