ಕ್ವಾರ್ಟರ್‌ಬ್ಯಾಕ್ ತಲೆದಂಡ: ಯಾವಾಗ ಸರಿ, ಯಾವಾಗ ಅವಸರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್. 2024ರ ಸೆಪ್ಟೆಂಬರ್ 16ರಂದು ಎನ್‌ಎಫ್‌ಎಲ್ ಲೀಗ್‌ನ ಕ್ಯಾರೊಲೈನಾ ಪ್ಯಾಂಥರ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಅವರನ್ನು ಬೆಂಚಿಗೆ ಕಳಿಸಿತು. ಸೀಸನ್ ಶುರುವಾಗಿ ಆಗಿದ್ದು ಎರಡೇ ಪಂದ್ಯ. ಸೇಂಟ್ಸ್ ಎದುರು 47-10, ಚಾರ್ಜರ್ಸ್ ಎದುರು 26-3, ಎರಡೂ ಹೀನಾಯ ಸೋಲು. ಯಂಗ್ ಎಸೆದ 56 ಪಾಸ್‌ಗಳಲ್ಲಿ ಗುರಿ ಸೇರಿದ್ದು 31. ಒಟ್ಟು 245 ಗಜ, 3 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್), ಟಚ್‌ಡೌನ್ (ಎದುರಾಳಿಯ ಅಂತಿಮ ವಲಯಕ್ಕೆ ಚೆಂಡು ಮುಟ್ಟಿಸಿದ) ಪಾಸ್ ಒಂದೂ ಇಲ್ಲ. ಇವರನ್ನು 2023ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಆಯ್ಕೆಯಾಗಿ ಪಡೆಯಲು ಪ್ಯಾಂಥರ್ಸ್ ಶಿಕಾಗೊ ಬೇರ್ಸ್‌ಗೆ ತೆತ್ತ ಬೆಲೆ ಸಣ್ಣದಲ್ಲ: ಆ ವರ್ಷದ 9 ಮತ್ತು 61ನೇ ಆಯ್ಕೆಗಳು, 2024ರ ಮೊದಲ ಸುತ್ತಿನ ಆಯ್ಕೆ, 2025ರ ಎರಡನೇ ಸುತ್ತಿನ ಆಯ್ಕೆ, ಜೊತೆಗೆ ಪಾಸ್ ಹಿಡಿಯುವ ರಿಸೀವರ್ ಡಿ.ಜೆ. ಮೂರ್.

ಅಷ್ಟು ಕೊಟ್ಟು ತಂದವರನ್ನು 18 ಪಂದ್ಯಕ್ಕೇ ಕೂರಿಸುವುದೇ ಎಂದು ಕೆಲವರು ಸಿಟ್ಟಾದರು. ಇನ್ನೆಷ್ಟು ದಿನ ಕಾಯುವುದು ಎಂದು ಉಳಿದವರು ಕೇಳಿದರು. ಎರಡೂ ಕಡೆಯವರ ಕಣ್ಣು ಸ್ಕೋರ್‌ಬೋರ್ಡ್ ಮೇಲೇ ಇತ್ತು. ಕ್ವಾರ್ಟರ್‌ಬ್ಯಾಕ್ ಬದಲಿಸಬೇಕೇ ಎಂಬ ವಾದ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನ್ನ ಬಲವಾದ ನಂಬಿಕೆ. ಕೆಟ್ಟಿರುವುದು ನಿಖರವಾಗಿ ಏನು? ಬೆಂಚಿನಲ್ಲಿ ಕೂತಿರುವವನು ಅದನ್ನೇ ಸರಿಮಾಡಬಲ್ಲನೇ?

ಎಲ್ಲರೂ ಮೊದಲು ಹಿಡಿಯುವುದು ಪಾಸರ್ ರೇಟಿಂಗ್ ಎಂಬ ಅಂಕಿಯನ್ನು. ಗುರಿ ಸೇರಿದ ಪಾಸ್‌ಗಳ ಪ್ರಮಾಣ, ಪ್ರತಿ ಎಸೆತಕ್ಕೆ ಸಿಕ್ಕ ಗಜ, ಟಚ್‌ಡೌನ್ ಪ್ರಮಾಣ, ಇಂಟರ್‌ಸೆಪ್ಷನ್ ಪ್ರಮಾಣ, ಈ ನಾಲ್ಕನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಗರಿಷ್ಠ 158.3. ಇದರಲ್ಲಿ ಸ್ಯಾಕ್, ಅಂದರೆ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿ ಕೆಡವಿದ್ದು, ಲೆಕ್ಕಕ್ಕೇ ಇಲ್ಲ. ಚೆಂಡು ಕೈಬಿಟ್ಟದ್ದು, ಓಡಿ ಗಳಿಸಿದ್ದು ಕೂಡ ಇಲ್ಲ. 2019ರಲ್ಲಿ ಟೆನೆಸ್ಸೀ ಟೈಟನ್ಸ್‌ನ ಮಾರ್ಕಸ್ ಮರಿಯೋಟ ಮೊದಲ ಐದು ಪಂದ್ಯಗಳಲ್ಲಿ ಒಂದೂ ಇಂಟರ್‌ಸೆಪ್ಷನ್ ಕೊಟ್ಟಿರಲಿಲ್ಲ, ಆ ಸೀಸನ್ನಿನ ಅವರ ರೇಟಿಂಗ್ 92.3. ಕಾಗದದ ಮೇಲೆ ಇದು ಕೆಟ್ಟ ಆಟವಲ್ಲ. ಆದರೆ ಆ ಸೀಸನ್ನಿನಲ್ಲಿ ಅವರು 25 ಬಾರಿ ಸ್ಯಾಕ್ ಆಗಿದ್ದರು. ಚೆಂಡು ಕೈಯಿಂದ ಹೊರಡುತ್ತಲೇ ಇರಲಿಲ್ಲ. ತಪ್ಪು ಎಸೆಯದವನು ಎಸೆಯುವುದನ್ನೇ ಬಿಟ್ಟಿರಬಹುದು ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಹಾಗಾಗಿ ವಿಡಿಯೊ ನೋಡಲೇಬೇಕು, ಅದೂ ಟಿವಿ ಪ್ರಸಾರವಲ್ಲ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ದೂರದಲ್ಲಿ ಓಡುತ್ತಿರುವ ರಿಸೀವರ್‌ಗಳು ಚೌಕಟ್ಟಿನಿಂದ ಹೊರಗೆ ಉಳಿಯುತ್ತಾರೆ. 22 ಆಟಗಾರರೂ ಒಟ್ಟಿಗೆ ಕಾಣುವ ಆಲ್-22 ಎಂಬ ದೃಶ್ಯಾವಳಿ ಬೇಕು. ಕೊನೆಯ ಮೂರು ಪಂದ್ಯಗಳಿಂದ ವಿಫಲವಾದ ಇಪ್ಪತ್ತು ಪಾಸ್ ಪ್ಲೇ ಆರಿಸಿಕೊಳ್ಳಿ. ಥರ್ಡ್ ಡೌನ್‌ನವು (ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಹೆಚ್ಚಿರಲಿ, ಏಕೆಂದರೆ ಅಲ್ಲಿ ಪಾಸ್ ಬರುತ್ತದೆಂದು ಎದುರಾಳಿಗೂ ಗೊತ್ತಿರುತ್ತದೆ, ಮರೆಮಾಚಲು ಏನೂ ಉಳಿದಿರುವುದಿಲ್ಲ.

ನೋಡಬೇಕಾದ್ದು ಕಾಲು. ಶಾಟ್‌ಗನ್ ಎಂಬ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕ್, ಚೆಂಡು ಹಿಂದಕ್ಕೆ ಕೊಡುವ ಸೆಂಟರ್‌ನಿಂದ ಸುಮಾರು ಐದು ಗಜ ಹಿಂದೆ ನಿಂತು ಚೆಂಡು ಪಡೆಯುತ್ತಾನೆ. ಮೂರು ಹೆಜ್ಜೆ ಹಿಂದಕ್ಕೆ ಇಟ್ಟು ಹಿಂಗಾಲು ಊರುತ್ತಾನೆ. ಮೊದಲ ರಿಸೀವರ್ ಖಾಲಿ ಇದ್ದರೆ ಕಾಲು ಊರಿದ ಕ್ಷಣವೇ ಚೆಂಡು ಹೊರಡಬೇಕು. ಇಲ್ಲದಿದ್ದರೆ ಮುಂದಕ್ಕೆ ಒಂದು ಪುಟ್ಟ ಹೆಜ್ಜೆ, ಕಣ್ಣು ಎರಡನೆಯವನ ಕಡೆಗೆ. ಅಲ್ಲೂ ಇಲ್ಲದಿದ್ದರೆ ಇನ್ನೊಂದು ಹೆಜ್ಜೆ, ಮೂರನೆಯವನು. ಇಷ್ಟೂ ಸುಮಾರು 2.7 ಸೆಕೆಂಡಿನ ಒಳಗೆ ಮುಗಿಯಬೇಕು. ಚೆನ್ನಾಗಿ ಆಡುವವನಲ್ಲಿ ಕಾಲು ಮತ್ತು ಕಣ್ಣು ಒಂದೇ ತಾಳಕ್ಕೆ ಸಾಗುತ್ತವೆ. ತಡವರಿಸುವವನಲ್ಲಿ ವಿಡಿಯೊ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ: ಹಿಂಗಾಲು ಊರಿದೆ, ಮೊದಲ ರಿಸೀವರ್ ಒಳಕ್ಕೆ ತಿರುಗಿದ್ದಾನೆ, ಅವನ ಮುಂದೆ ಎರಡು ಗಜ ಖಾಲಿ ಜಾಗವಿದೆ, ಚೆಂಡು ಮಾತ್ರ ಇನ್ನೂ ಕಿವಿಯ ಪಕ್ಕದಲ್ಲೇ ಇದೆ. ಅವನು ಖಾಲಿ ಜಾಗವನ್ನು ಕಣ್ಣಾರೆ ಕಂಡು ಎಸೆಯಲು ಕಾಯುತ್ತಿದ್ದಾನೆ. ಈ ಮಟ್ಟದ ಆಟದಲ್ಲಿ ಜಾಗ ತೆರೆಯುವ ಮೊದಲೇ ಎಸೆಯಬೇಕು. ಕಂಡ ಮೇಲೆ ಎಸೆದರೆ ಅಷ್ಟರಲ್ಲಿ ರಿಸೀವರ್‌ನನ್ನು ತಡೆಯುವ ಕಾರ್ನರ್‌ಬ್ಯಾಕ್ ಬಂದಿರುತ್ತಾನೆ.

ಚೆಂಡು ಎಲ್ಲಿ ಬಿತ್ತೆಂಬುದೂ ಮಾತಾಡುತ್ತದೆ. ರಿಸೀವರ್ ಬೆನ್ನ ಹಿಂದೆ ಬಿದ್ದರೆ ಬಹುತೇಕ ತಡವಾಯಿತೆಂದು ಅರ್ಥ. ತಲೆಯ ಮೇಲಿಂದ ಹಾರಿದರೆ ಮುಂಗಾಲಿನ ಹೆಜ್ಜೆ ಉದ್ದವಾಗಿದೆ, ಇಲ್ಲವೇ ಭಾರ ಹಿಂಗಾಲಿನಲ್ಲೇ ಉಳಿದಿದೆ. ಮೊದಲನೆಯದು ಕಣ್ಣಿನ, ನಿರ್ಧಾರದ ಸಮಸ್ಯೆ. ಎರಡನೆಯದು ದೇಹದ ಅಭ್ಯಾಸ, ಬಿಡಿಸಲು ತಿಂಗಳುಗಳು ಬೇಕು, ಸೀಸನ್ ನಡುವೆ ತಿದ್ದುವುದು ಬಹಳ ಕಷ್ಟ.

ಇಪ್ಪತ್ತರಲ್ಲಿ ಹನ್ನೆರಡು ಹದಿಮೂರು ಕಡೆ ಕಾಲು ಊರುವ ಮೊದಲೇ ಎದುರಾಳಿ ಮೈಮೇಲೆ ಬಿದ್ದಿದ್ದರೆ ವಾದವೇ ಬೇರೆ. ಆಗ ಕೆಟ್ಟಿರುವುದು ಲೈನ್, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲು. ಯಂಗ್ ಅವರ ಮೊದಲ ವರ್ಷ ಹಾಗೇ ಕಳೆಯಿತು. 2023ರಲ್ಲಿ 62 ಬಾರಿ ಸ್ಯಾಕ್. ಗಾಯಗಳಿಂದಾಗಿ ಆ ಸಾಲಿನಲ್ಲಿ ಸೆಂಟರ್‌ನ ಅಕ್ಕಪಕ್ಕದ ಗಾರ್ಡ್ ಜಾಗದಲ್ಲಿ ಮುಖಗಳು ಬದಲಾಗುತ್ತಲೇ ಇದ್ದವು. ಯಂಗ್ ಎತ್ತರ 5 ಅಡಿ 10 ಇಂಚು. ಪಕ್ಕದಿಂದ ಬರುವ ಒತ್ತಡವನ್ನು ಒಂದು ಹೆಜ್ಜೆ ಮುಂದಿಟ್ಟು ತಪ್ಪಿಸಬಹುದು, ಆದರೆ ನಟ್ಟನಡುವೆ ಗಾರ್ಡ್ ಹಿಂದಕ್ಕೆ ತಳ್ಳಿಸಿಕೊಂಡು ಬಂದರೆ ಇಷ್ಟು ಕಡಿಮೆ ಎತ್ತರದವನಿಗೆ ಮೈದಾನವೇ ಕಾಣುವುದಿಲ್ಲ. ಇದನ್ನು ಅರಿತೇ ತಂಡ 2024ರ ಮಾರ್ಚ್‌ನಲ್ಲಿ ರಾಬರ್ಟ್ ಹಂಟ್‌ಗೆ ಐದು ವರ್ಷಕ್ಕೆ 10 ಕೋಟಿ ಡಾಲರ್, ಡೇಮಿಯನ್ ಲೂಯಿಸ್‌ಗೆ ನಾಲ್ಕು ವರ್ಷಕ್ಕೆ 5.3 ಕೋಟಿ ಡಾಲರ್ ಕೊಟ್ಟು ಇಬ್ಬರು ಗಾರ್ಡ್‌ಗಳನ್ನು ತಂದಿತು. ಅಷ್ಟು ಹಣ ಸುರಿದು ಕಟ್ಟಿದ ಲೈನ್ ಒಗ್ಗಿಕೊಳ್ಳಲು ಎರಡೇ ಪಂದ್ಯ ಕೊಟ್ಟಿದ್ದು ನನಗೆ ಇಂದಿಗೂ ಸರಿ ಅನ್ನಿಸುವುದಿಲ್ಲ. ಒಂದು ವರ್ಷ ಏಟು ತಿಂದ ಕ್ವಾರ್ಟರ್‌ಬ್ಯಾಕ್ ಲೈನ್ ಸರಿಯಾದ ಮೇಲೂ ಇಲ್ಲದ ಒತ್ತಡಕ್ಕೆ ಬೆಚ್ಚುತ್ತಾನೆ, ಪಾಕೆಟ್ (ಲೈನ್ ಕಾಯುವ ಜಾಗ) ಗಟ್ಟಿಯಾಗಿದ್ದಾಗಲೂ ಜಾಗ ಬಿಟ್ಟು ಓಡುತ್ತಾನೆ. ಅದು ಹೋಗಲು ಸಮಯ ಹಿಡಿಯುತ್ತದೆ.

ಯಂಗ್ ಜಾಗಕ್ಕೆ 36 ವರ್ಷದ ಆ್ಯಂಡಿ ಡಾಲ್ಟನ್ ಬಂದ ಮೊದಲ ಪಂದ್ಯದಲ್ಲೇ ರೈಡರ್ಸ್ ಎದುರು 319 ಗಜ, 3 ಟಚ್‌ಡೌನ್, 36-22ರ ಗೆಲುವು. ಬದಲಾವಣೆಯೇ ಮದ್ದು ಎಂದರು ಎಲ್ಲರೂ. ಮುಂದಿನ ನಾಲ್ಕು ಪಂದ್ಯ ನೋಡಿ: 34-24, 36-10, 38-20, 40-7. ನಾಲ್ಕೂ ಸೋಲು. ಬಿಟ್ಟುಕೊಟ್ಟ ಅಂಕ ವಾರದಿಂದ ವಾರಕ್ಕೆ ಏರಿದೆ. ಡಿಫೆನ್ಸ್‌ನ ಕಂಬದಂತಿದ್ದ ಡೆರಿಕ್ ಬ್ರೌನ್ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಇಡೀ ಸೀಸನ್ ಕಳೆದುಕೊಂಡಿದ್ದರು. ಆ ವರ್ಷ ಪ್ಯಾಂಥರ್ಸ್ ಬಿಟ್ಟುಕೊಟ್ಟ 534 ಅಂಕ ಎನ್‌ಎಫ್‌ಎಲ್ ಇತಿಹಾಸದಲ್ಲೇ ಒಂದು ಸೀಸನ್ನಿನ ಅತಿ ಹೆಚ್ಚು. ಯಾವ ಕ್ವಾರ್ಟರ್‌ಬ್ಯಾಕ್ ಬಂದರೂ ಈ ತೂತು ಮುಚ್ಚುತ್ತಿರಲಿಲ್ಲ. ಹೊಸಬ ಬಂದ ಮೊದಲ ವಾರ ಸಿಗುವ ಚೇತರಿಕೆಗೆ ಇನ್ನೊಂದು ಕಾರಣವೂ ಇದೆ. ಆ ತಂಡದಲ್ಲಿ, ಆ ಪ್ಲೇಗಳಲ್ಲಿ ಅವನು ಹೇಗೆ ಆಡುತ್ತಾನೆಂಬ ಹೊಸ ವಿಡಿಯೊ ಎದುರಾಳಿಯ ಬಳಿ ಇರುವುದಿಲ್ಲ. ಎರಡು ಮೂರು ವಾರದಲ್ಲಿ ಆ ಅನುಕೂಲ ಕರಗುತ್ತದೆ.

ಬದಲಾವಣೆಗೆ ತೆರಬೇಕಾದ ಬೆಲೆಯನ್ನು ಹೊರಗಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕ್ರಿಕೆಟ್‌ನಲ್ಲಿ ಆರಂಭಿಕ ಬ್ಯಾಟರ್‌ನನ್ನು ಕೈಬಿಟ್ಟರೆ ಉಳಿದ ಹತ್ತು ಜನರ ಕೆಲಸ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇಲ್ಲಿ ಹತ್ತೂ ಜನರ ಕೆಲಸ ಬದಲಾಗುತ್ತದೆ. ಭಾನುವಾರದ ಪಂದ್ಯಕ್ಕೆ ಬುಧವಾರದಿಂದ ಶುಕ್ರವಾರದವರೆಗೆ ಮುಖ್ಯ ಅಭ್ಯಾಸ. ಮೊದಲ ತಂಡದ ಜೊತೆ ಆಡುವ ಅವಕಾಶ ಬಹುಪಾಲು ಆರಂಭಿಕ ಕ್ವಾರ್ಟರ್‌ಬ್ಯಾಕ್‌ಗೇ ಸಿಗುತ್ತದೆ. ಎರಡನೆಯವನು ಸ್ಕೌಟ್ ಟೀಮ್ ನಡೆಸುತ್ತಾ, ಮುಂದಿನ ಎದುರಾಳಿಯ ಪ್ಲೇಗಳನ್ನು ಅನುಕರಿಸಿ ತನ್ನದೇ ಡಿಫೆನ್ಸ್‌ಗೆ ಅಭ್ಯಾಸ ಕೊಡುತ್ತಿರುತ್ತಾನೆ. ಅಂದರೆ ತನ್ನ ತಂಡದ ಮುಖ್ಯ ರಿಸೀವರ್‌ಗಳಿಗೆ ಎಸೆದದ್ದೇ ಕಡಿಮೆ. ಅವನ ಚೆಂಡಿನ ವೇಗ, ಸ್ನ್ಯಾಪ್‌ಗೆ (ಸೆಂಟರ್ ಚೆಂಡು ಹಿಂದಕ್ಕೆ ಕೊಡುವುದಕ್ಕೆ) ಮುನ್ನ ಕೂಗುವ ಲಯ, ಎಲ್ಲವೂ ಬೇರೆ. ಲಯ ಬದಲಾದರೆ ಲೈನ್‌ನವರು ಮೊದಲೇ ಅಲುಗಿ ಫಾಲ್ಸ್ ಸ್ಟಾರ್ಟ್ ಆಗುತ್ತದೆ, ಐದು ಗಜ ದಂಡ. ಕೋಚ್ ಹೆಲ್ಮೆಟ್‌ನ ರೇಡಿಯೊದಲ್ಲಿ ಪ್ಲೇ ಹೇಳಬಹುದು, ಆದರೆ ಪ್ಲೇ ಶುರುಮಾಡಲು ಇರುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಅದು ಕಡಿತವಾಗುತ್ತದೆ. ಆಮೇಲೆ ಲೈನ್‌ನ ರಕ್ಷಣೆಯನ್ನು ಯಾವ ಕಡೆ ತಿರುಗಿಸಬೇಕೆಂದು ಅವನೇ ನಿರ್ಧರಿಸಬೇಕು. ಮಯಾಮಿ ಪರ ಆಡಿದ ಟುವಾ ಟಗೊವೈಲೊವ ಅವರಂತೆ ಎಡಗೈ ಆಟಗಾರನಾದರೆ ಬೆನ್ನು ಕಾಯುವ ಹೊಣೆ ಲೈನ್‌ನ ಎಡ ತುದಿಯ ಟ್ಯಾಕಲ್‌ನಿಂದ ಬಲ ತುದಿಯ ಟ್ಯಾಕಲ್‌ಗೆ ಹೋಗುತ್ತದೆ. ಹೀಗಾಗಿ ಬದಲಿಸುವುದಾದರೆ ಸೋಮವಾರ ಇಲ್ಲವೇ ಮಂಗಳವಾರ ಘೋಷಿಸಬೇಕು, ಮೂರೂ ದಿನದ ಅಭ್ಯಾಸ ಹೊಸಬನಿಗೆ ಸಿಗಬೇಕು. ಪಂದ್ಯವಿಲ್ಲದ ಬೈ ವಾರ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಶುಕ್ರವಾರ ಬದಲಿಸಿದರೆ ಹೊಸಬನನ್ನು ಬಾವಿಗೆ ತಳ್ಳಿದಂತೆ.

2019ರಲ್ಲಿ ಟೈಟನ್ಸ್ ಮಾಡಿದ ಬದಲಾವಣೆ ಸರಿಯಾಗಿತ್ತು. ಆರು ಪಂದ್ಯ ಕಾದರು, 2 ಗೆಲುವು 4 ಸೋಲು ಆಯಿತು, ಡೆನ್ವರ್‌ನಲ್ಲಿ 16-0 ಸೋತ ದಿನ ಪಂದ್ಯದ ನಡುವೆಯೇ ರಯನ್ ಟ್ಯಾನಹಿಲ್ ಬಂದರು. ಡಿಫೆನ್ಸ್ ಗಟ್ಟಿಯಾಗಿತ್ತು, ಡೆರಿಕ್ ಹೆನ್ರಿ ಓಟವಿತ್ತು (ಆ ವರ್ಷ 1,540 ಗಜ, ಲೀಗ್‌ನಲ್ಲೇ ಮೊದಲು). ಕೊರತೆ ಒಂದೇ: ಹೆನ್ರಿಗೆ ಚೆಂಡು ಕೊಟ್ಟಂತೆ ನಟಿಸಿ, ಡಿಫೆನ್ಸ್ ಮುಂದೆ ನುಗ್ಗಿದಾಗ ಅವರ ಹಿಂದಿನ ಖಾಲಿ ಜಾಗಕ್ಕೆ ಹಿಂಜರಿಯದೆ ಎಸೆಯುವವರು ಬೇಕಿತ್ತು. ಟ್ಯಾನಹಿಲ್ ಮಾಡಿದ್ದು ಅದನ್ನೇ. ಪ್ರತಿ ಎಸೆತಕ್ಕೆ 9.6 ಗಜ, 10 ಪಂದ್ಯಗಳಲ್ಲಿ 7 ಗೆಲುವು, ಪ್ಲೇಆಫ್‌ನಲ್ಲಿ ಪೇಟ್ರಿಯಟ್ಸ್, ರೇವನ್ಸ್ ಇಬ್ಬರನ್ನೂ ಅವರದೇ ಅಂಗಳದಲ್ಲಿ ಸೋಲಿಸಿ ಎಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲೊಂದು) ಫೈನಲ್‌ವರೆಗೆ. ಮರಿಯೋಟ ಪರವಾಗಿ ಒಂದು ಮಾತು ಹೇಳಲೇಬೇಕು: ಎಡ ಟ್ಯಾಕಲ್ ಟೇಲರ್ ಲವಾನ್ ಅಮಾನತಿನಿಂದಾಗಿ ಮೊದಲ ನಾಲ್ಕು ಪಂದ್ಯ ಇರಲಿಲ್ಲ. ಆದರೆ ಲವಾನ್ ಮರಳಿದ ಮೇಲೂ ಚೆಂಡು ಮರಿಯೋಟ ಕೈಯಲ್ಲೇ ಉಳಿಯುತ್ತಿತ್ತು, ತಂಡದ ನಿರ್ಧಾರಕ್ಕೆ ತೂಕ ಬಂದದ್ದು ಅಲ್ಲೇ.

ಇಂಡಿಯಾನಾಪೊಲಿಸ್ ಕೋಲ್ಟ್ಸ್ 2024ರಲ್ಲಿ ಮಾಡಿದ್ದು ಇದರ ತದ್ವಿರುದ್ಧ. ಆ್ಯಂಟನಿ ರಿಚರ್ಡ್‌ಸನ್ ಕಾಲೇಜಿನಲ್ಲಿ ಆರಂಭಿಕನಾಗಿ ಆಡಿದ್ದೇ 13 ಪಂದ್ಯ. 2023ರಲ್ಲಿ ಭುಜದ ಗಾಯದಿಂದ ನಾಲ್ಕೇ ಪಂದ್ಯ ಆಡಿದ್ದರು. ಅನುಭವ ಕಡಿಮೆ, ದೇಹಬಲ ಅಪಾರ ಎಂದು ತಿಳಿದೇ ನಾಲ್ಕನೇ ಆಯ್ಕೆಯಾಗಿ ತಂದಿದ್ದರು. ಹೂಸ್ಟನ್ ಎದುರು 32 ಎಸೆತಗಳಲ್ಲಿ 10 ಮಾತ್ರ ಗುರಿ ಸೇರಿದವು. ದಣಿದೆನೆಂದು ಒಂದು ಪ್ಲೇ ಹೊರಗೆ ಹೋಗಿದ್ದೂ ದೊಡ್ಡ ಸುದ್ದಿಯಾಯಿತು. ಎರಡೇ ದಿನಕ್ಕೆ 39 ವರ್ಷದ ಜೋ ಫ್ಲ್ಯಾಕೊ ಆರಂಭಿಕರಾದರು. ಆಗ ರಿಚರ್ಡ್‌ಸನ್ ಅವರ ಗುರಿ ಪ್ರಮಾಣ 44.4 ಶೇಕಡಾ, ಕೂರಿಸಲು ಕಾರಣವಿತ್ತು ಎಂದೇ ಒಪ್ಪೋಣ. ಫ್ಲ್ಯಾಕೊ ಎರಡು ಪಂದ್ಯ ಸೋತರು, ಕೋಚ್ ಮತ್ತೆ ರಿಚರ್ಡ್‌ಸನ್‌ಗೆ ತಿರುಗಿದರು. ಜೆಟ್ಸ್ ಎದುರು 28-27ರ ಗೆಲುವೇನೋ ಬಂತು, ಆದರೆ ಎರಡು ವಾರದ ಅಭ್ಯಾಸ ಕೈತಪ್ಪಿತ್ತು, ಅನುಭವವೇ ಬೇಕಿದ್ದ ಆಟಗಾರನಿಗೆ. ಬದಲಿಸಿದ ಮೇಲೆ ಕನಿಷ್ಠ ನಾಲ್ಕು ಪಂದ್ಯ ನಿಲ್ಲುವ ಧೈರ್ಯವಿಲ್ಲದಿದ್ದರೆ ಬದಲಿಸಬಾರದು.

ಹಣದ ಲೆಕ್ಕವನ್ನು ಮರೆತರೆ ಕೆಲವು ಬದಲಾವಣೆಗಳು ಅರ್ಥವೇ ಆಗುವುದಿಲ್ಲ. ಮೊದಲ ಸುತ್ತಿನ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು. ಐದನೇ ವರ್ಷ ಬೇಕೇ ಎಂದು ತಂಡ ಮೂರನೇ ಸೀಸನ್ ಮುಗಿದ ಮೇಲಿನ ಮೇ ತಿಂಗಳ ಆರಂಭದೊಳಗೆ ಹೇಳಬೇಕು. ಹಾಗಾಗಿ ಸೋಲುತ್ತಿರುವ ತಂಡವೂ ಎಳೆಯ ಕ್ವಾರ್ಟರ್‌ಬ್ಯಾಕ್‌ನನ್ನು ಆಡಿಸಿಯೇ ನೋಡಬೇಕು, ಅವನನ್ನು ಕೂರಿಸಿ 36 ವರ್ಷದವರನ್ನು ಆಡಿಸಿ ಗಳಿಸುವ ಒಂದೆರಡು ಗೆಲುವಿನಿಂದ ಉಪಯೋಗವಿಲ್ಲ. ಹಿರಿಯರ ವಿಷಯದಲ್ಲಿ ಗಾಯದ ಖಾತರಿ ಎಂಬ ಷರತ್ತಿರುತ್ತದೆ: ದೊಡ್ಡ ಗಾಯವಾದರೆ ಮುಂದಿನ ವರ್ಷದ ಹಣ ಕೊಡಲೇಬೇಕು. ಡೆನ್ವರ್ 2023ರ ಕೊನೆಯ ಎರಡು ಪಂದ್ಯಗಳಿಗೆ ರಸೆಲ್ ವಿಲ್ಸನ್ ಅವರನ್ನು ಕೂರಿಸಿದಾಗ ಅಂಥ 3.7 ಕೋಟಿ ಡಾಲರ್ ತೂಗಾಡುತ್ತಿತ್ತು.

ಯಂಗ್ ಮರಳಿದ್ದು ತಂಡದ ಯೋಜನೆಯಿಂದಲ್ಲ. ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ಡಾಲ್ಟನ್ ಹೆಬ್ಬೆರಳು ಉಳುಕಿತು, ಬೇರೆ ದಾರಿ ಇರಲಿಲ್ಲ. ಡೆನ್ವರ್‌ನಲ್ಲಿ ಸೋಲು, ಸೇಂಟ್ಸ್ ಎದುರು 23-22ರ ಗೆಲುವು, ನವೆಂಬರ್ 10ರಂದು ಮ್ಯೂನಿಕ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು ಓವರ್‌ಟೈಮ್‌ನಲ್ಲಿ 20-17. ಆ ವೇಳೆಗೆ ಗಾರ್ಡ್‌ಗಳು ಒಗ್ಗಿದ್ದರು, ಚೂಬಾ ಹಬರ್ಡ್ ಓಟದಿಂದ ಥರ್ಡ್ ಡೌನ್‌ಗಳು ಚಿಕ್ಕದಾಗಿದ್ದವು, ಯಂಗ್ ಕಾಲು ಊರಿದ ಕೂಡಲೇ ಎಸೆಯುತ್ತಿದ್ದರು. ಸೀಸನ್ ಮುಗಿದಾಗ 15 ಟಚ್‌ಡೌನ್ ಪಾಸ್, 9 ಇಂಟರ್‌ಸೆಪ್ಷನ್. ಆ ಹದಿನೈದೂ ಬೆಂಚಿನಿಂದ ಎದ್ದು ಬಂದ ಮೇಲಿನವು. 2025ರ ನವೆಂಬರ್‌ನಲ್ಲಿ ಅಟ್ಲಾಂಟಾ ಎದುರು 448 ಗಜ ಎಸೆದು ಪ್ಯಾಂಥರ್ಸ್‌ನ ಒಂದೇ ಪಂದ್ಯದ ದಾಖಲೆ ಮುರಿದರು.

ಮ್ಯೂನಿಕ್‌ನಲ್ಲಿ ಎದುರಿಗಿದ್ದ ಡೇನಿಯಲ್ ಜೋನ್ಸ್ ಅವರನ್ನು ಜೈಂಟ್ಸ್ ಎಂಟೇ ದಿನದಲ್ಲಿ ಕೂರಿಸಿತು, ಅದೇ ವಾರ ಬಿಡುಗಡೆ ಮಾಡಿತು. ತಂಡಕ್ಕೆ 2 ಗೆಲುವು 8 ಸೋಲು ಆಗಿತ್ತು, ಹಿಂದೆ 2.3 ಕೋಟಿ ಡಾಲರ್‌ನ ಗಾಯದ ಖಾತರಿಯೂ ಇತ್ತು. ಅಂಥ ನಿರ್ಧಾರದಿಂದ ಆಟಗಾರನ ಆಟದ ಬಗ್ಗೆ ತೀರ್ಪು ಕೊಡಬಾರದು. ಮರುವರ್ಷ ಆಗಸ್ಟ್‌ನಲ್ಲಿ ಜೋನ್ಸ್ ಕೋಲ್ಟ್ಸ್‌ನಲ್ಲಿ ರಿಚರ್ಡ್‌ಸನ್ ಅವರನ್ನೇ ಹಿಂದಿಕ್ಕಿ ಆರಂಭಿಕರಾದರು. ಜೊನಾಥನ್ ಟೇಲರ್ ಓಟ, ಗಟ್ಟಿ ಲೈನ್ ಜೊತೆಗಿದ್ದವು. ಮೊದಲ ಎಂಟು ಪಂದ್ಯಗಳಲ್ಲಿ ಏಳು ಗೆದ್ದರು.