ಭಾನುವಾರ ರೈಲಿಲ್ಲ

ಲೊಕೊರೊತೊಂದೊ ಸ್ಟೇಷನ್ನಿಗೆ ಬೆಳಿಗ್ಗೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಭಾನುವಾರ ರೈಲಿಲ್ಲ. ವೇಳಾಪಟ್ಟಿಯಲ್ಲಿ ಅದು ಬರೆದೇ ಇತ್ತು, ನಾವು ಓದಿರಲಿಲ್ಲ ಅಷ್ಟೆ. ‘ನಡ್ಕೊಂಡೇ ಹೋಗೋಣ ಬನ್ರೀ, ಏನ್ ಮಹಾ ದೂರ’ ಎಂದಳು ಹೆಂಡತಿ. ಚಿಸ್ತರ್ನಿನೊಗೆ ಸುಮಾರು 9 ಕಿ.ಮೀ.

ಇಟಲಿಯ ನಕ್ಷೆ ಬೂಟಿನ ಹಾಗಿದೆ ಅಲ್ವಾ, ಅದರ ಹಿಮ್ಮಡಿಯ ಕಡೆ ಇರುವುದು ಪುಲಿಯಾ. ನಾವಿದ್ದದ್ದು ಅಲ್ಲಿನ ಈತ್ರಿಯಾ ಕಣಿವೆಯಲ್ಲಿ. ಹಿಂದಿನ ದಿನ ಅಲ್ಬೆರೊಬೆಲ್ಲೊ ನೋಡಿದ್ದೆವು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ, ಶಂಕುವಿನಂಥ ಚಾವಣಿಯ ಮನೆಗಳ ಊರು. ಈ ಮನೆಗೆ ಟ್ರುಲ್ಲೊ ಎನ್ನುತ್ತಾರೆ, ಹಲವಿದ್ದರೆ ಟ್ರುಲ್ಲಿ. ಹೊಸ ಊರು ಕಟ್ಟಿದರೆ ನೇಪಲ್ಸ್ ರಾಜನಿಗೆ ತೆರಿಗೆ ಕೊಡಬೇಕಿತ್ತಂತೆ. ಅದಕ್ಕೇ ಕೊನ್ವೆರ್ಸಾನೊದ ಜಮೀನ್ದಾರ ಗಾರೆ ಬೇಡವೆಂದ, ತಪಾಸಣೆಗೆ ಜನ ಬಂದರೆ ಸರಸರ ಕೆಡವಿಬಿಡಬಹುದು ಅಂತ. 1797ರಲ್ಲಿ ರಾಜನೇ ಊರನ್ನು ಆ ಜಮೀನ್ದಾರಿಕೆಯಿಂದ ಬಿಡಿಸಿದ. 1996ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಕಥೆ ಚೆನ್ನಾಗಿದೆ. ಆದರೆ ಮುಖ್ಯ ಬೀದಿಯಲ್ಲಿ ಎರಡು ಮನೆಗೊಂದು ಅಂಗಡಿ, ಎಲ್ಲದರಲ್ಲೂ ಪುಟಾಣಿ ಟ್ರುಲ್ಲಿ ಗೊಂಬೆಗಳು. ಒಂದು ಗಂಟೆಗೇ ಸಾಕಾಯಿತು.

ನಡೆಯುವ ದಾರಿಯಲ್ಲಿ ಕಂಡ ಟ್ರುಲ್ಲಿಯೇ ಬೇರೆ. ಒಂದರ ಮುಂದೆ ಟ್ರ್ಯಾಕ್ಟರ್, ಇನ್ನೊಂದರ ಪಕ್ಕದಲ್ಲಿ ಒಣಹಾಕಿದ ಬಟ್ಟೆ. ಕೆಲವು ಅರ್ಧ ಕುಸಿದು ಅಂಜೂರದ ಗಿಡಕ್ಕೆ ಮನೆಯಾಗಿದ್ದವು. ಕೆಂಪು ಮಣ್ಣು, ದ್ರಾಕ್ಷಿ, ಆಲಿವ್, ಮೊಣಕಾಲೆತ್ತರದ ಕಲ್ಲುಗೋಡೆಗಳು. ಹೊಲ ಹಸನು ಮಾಡುವಾಗ ಎದ್ದ ಕಲ್ಲೇ ಗೋಡೆ, ಅದೇ ಕಲ್ಲೇ ಮನೆ.

ನಾನು ಕೋಲಾರದ ಕಡೆಯವನು. ಕೆಂಪು ಮಣ್ಣು ಕಂಡರೆ ನೀರೆಲ್ಲಿ ಅಂತ ಕಣ್ಣು ಹುಡುಕುತ್ತದೆ. ಇಲ್ಲಿ ಹರಿಯುವ ಹೊಳೆ ಒಂದೂ ಕಾಣಲಿಲ್ಲ. ಸುಣ್ಣಕಲ್ಲಿನ ನೆಲ, ಮಳೆ ಬಿದ್ದರೆ ಒಳಗೆ ಇಂಗಿಹೋಗುತ್ತದೆ. ಹಾಗಾಗಿ ಟ್ರುಲ್ಲೊ ಚಾವಣಿಯ ನೀರನ್ನು ಮನೆಯಡಿಯ ತೊಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಕೆರೆ ಊರಿಗೊಂದು, ಇಲ್ಲಿ ಮನೆಗೊಂದು ಅನ್ನಿ. ಒಂದು ಪಾಳು ಮನೆಯ ತೊಟ್ಟಿಗೆ ಸಣ್ಣ ಕಲ್ಲು ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ‘ಡುಬಕ್’ ಅಂದಿತು. ಇನ್ನೂ ನೀರಿತ್ತು!

ಚಿಸ್ತರ್ನಿನೊ ಮುಟ್ಟಿದಾಗ ಮೂರು ದಾಟಿತ್ತು. ಬಿಳಿ ಸುಣ್ಣದ ಓಣಿಗಳು, ಮುಚ್ಚಿದ ಬಾಗಿಲುಗಳು. ಮಧ್ಯಾಹ್ನ ಇಡೀ ಊರೇ ಮಲಗುತ್ತದೆ. ಬ್ಯಾಗಿನಲ್ಲಿದ್ದ ತರಾಲ್ಲಿ ತಿಂದೆವು. ನಮ್ಮ ಕೋಡುಬಳೆಯ ತಮ್ಮನಂತಿದೆ, ಖಾರ ಮಾತ್ರ ಇಲ್ಲ. ಹಿಂದಿನ ರಾತ್ರಿ ತಿಂದ ಫಾವೆ ಎ ಚಿಕೋರಿಯಾ, ಅಂದರೆ ಒಣ ಕಾಳು ಬೇಯಿಸಿ ನುಣ್ಣಗೆ ಕಡೆದು ಪಕ್ಕಕ್ಕೆ ಕಹಿ ಸೊಪ್ಪಿಟ್ಟು ಆಲಿವ್ ಎಣ್ಣೆ ಸುರಿದದ್ದು, ಪದೇ ಪದೇ ನೆನಪಾಗುತ್ತಿತ್ತು.

ಸಂಜೆ ಬಾಗಿಲು ತೆರೆದವು. ತೆರೆದದ್ದೆಲ್ಲ ಮಾಂಸದಂಗಡಿ! ಕೌಂಟರಿನಲ್ಲಿ ಮಾಂಸ ಆರಿಸಿದರೆ ಅಲ್ಲೇ ಕೆಂಡದಲ್ಲಿ ಸುಟ್ಟು ಕೊಡುವುದು ಈ ಊರಿನ ಪದ್ಧತಿ. ನಾವಿಬ್ಬರೂ ಸಸ್ಯಾಹಾರಿಗಳು ಎಂದು ಕೈಸನ್ನೆಯಲ್ಲೇ ಹೇಳಿದೆವು. ಅಂಗಡಿಯಾತ ನಮ್ಮನ್ನು ನೋಡಿದ, ನಮ್ಮ ಧೂಳು ಮೆತ್ತಿದ ಚಪ್ಪಲಿಗಳನ್ನು ನೋಡಿದ. ಆಮೇಲೆ ತೂಗುಹಾಕಿದ್ದ ಕಾಚೊಕವಾಲ್ಲೊ ಚೀಸ್ ಇಳಿಸಿ, ಹೆಬ್ಬೆರಳಿನಷ್ಟು ದಪ್ಪಕ್ಕೆ ಎರಡು ಹೋಳು ಕೊಯ್ದು, ಸೀದಾ ಕೆಂಡದ ಕಡೆ ನಡೆದ.