ಒಂದೇ ಕೌದಿಯ ಕೆಳಗೆ: ಎಚ್‌ಐವಿ ನಿಧಿಗಾಗಿ ನಮ್ಮ ಹೊಲಿಗೆ ಎಲ್ಲಿಗೆ ಬಂತು

ಆಗಸ್ಟ್, ಎರಡನೆಯ ವಾರ

ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಹೊತ್ತಿಗೆ ಕೈಹೊಲಿಗೆಯ ಕೌದಿಗಳನ್ನು ಸಿದ್ಧಮಾಡಿ ಮಾರಬೇಕು, ಬಂದ ಹಣವನ್ನು ಎಚ್‌ಐವಿ ಸೋಂಕಿತರ ಜಿಲ್ಲಾ ಒಕ್ಕೂಟಕ್ಕೆ ಒಪ್ಪಿಸಬೇಕು ಎಂದು ತೀರ್ಮಾನಿಸಿದ್ದೇವೆ. ನಾವು ಎಂದರೆ ಧಾರವಾಡದ ಒಂದು ಓಣಿಯ ಕೆಲವು ಹೆಂಗಸರು ಮತ್ತು ಒಕ್ಕೂಟದ ಸದಸ್ಯೆಯರಲ್ಲಿ ಹೊಲಿಗೆ ಬಲ್ಲವರು. ಯಾರು ಓಣಿಯವರು, ಯಾರು ಒಕ್ಕೂಟದವರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಾರಾಟದ ದಿನವೂ ಹೇಳುವುದಿಲ್ಲ. ಮೊದಲ ಸಲ ಕೂತಾಗಲೇ ಎಲ್ಲರೂ ಒಪ್ಪಿಕೊಂಡ ನಿಯಮ ಇದು.

ಕೌದಿ ಹೊಲಿಯುವುದು ನನಗೆ ಚಿಕ್ಕಂದಿನಿಂದ ಬಂದ ಹವ್ಯಾಸ. ಆದರೆ ಈ ಕೆಲಸಕ್ಕೆ ಕೌದಿಯನ್ನೇ ಆರಿಸಿಕೊಳ್ಳಲು ಬೇರೆ ಕಾರಣವಿದೆ. ಸೋಂಕು ಇದೆ ಎಂದು ಗೊತ್ತಾದ ಮನೆಯಲ್ಲಿ ಮೊದಲು ಬೇರೆಯಾಗುವುದು ತಾಟು, ಲೋಟ. ಆಮೇಲೆ ಹಾಸಿಗೆ, ಹೊದಿಕೆ. ಗಂಡನನ್ನು ಕಳೆದುಕೊಂಡ ಸೊಸೆಗೆ ಪಡಸಾಲೆಯ ಮೂಲೆಯಲ್ಲಿ ಬೇರೆ ಕೌದಿ ಹಾಸಿ, ಮಕ್ಕಳನ್ನು ಅವಳ ಬಳಿ ಮಲಗಲು ಬಿಡದೆ ಇದ್ದ ಮನೆಯನ್ನು ನಾನು ಕಂಡಿದ್ದೇನೆ. ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರು ಬಳಸಿದ ಸಿರಿಂಜನ್ನು ಇನ್ನೊಬ್ಬರು ಬಳಸುವುದರಿಂದ, ಗರ್ಭ, ಹೆರಿಗೆ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಹೊದಿಕೆಯಿಂದ ಹರಡುವುದಿಲ್ಲ, ಬೆವರಿನಿಂದ ಹರಡುವುದಿಲ್ಲ, ಅಪ್ಪಿಕೊಂಡು ಮಲಗಿದರೆ ಹರಡುವುದಿಲ್ಲ. ಭಾಷಣದಲ್ಲಿ ಇದನ್ನು ಕೇಳಿ ತಲೆಯಾಡಿಸುವುದು ಸುಲಭ. ಸೋಂಕಿತರು ಕೂತು ಹೊಲಿದ ಕೌದಿಯನ್ನು ದುಡ್ಡು ಕೊಟ್ಟು ಕೊಂಡು, ಮನೆಗೆ ಒಯ್ದು, ತಮ್ಮ ಮಕ್ಕಳಿಗೆ ಹೊದಿಸಬೇಕಾದರೆ ಅದು ಮನಸ್ಸಿಗೆ ಇಳಿದಿರಬೇಕು. ಅಷ್ಟು ಇಳಿಯಲಿ ಎಂಬುದೇ ನನ್ನ ಆಸೆ.

ಆಗಸ್ಟ್ ಕೊನೆ

ಮಳೆ ಬಿಟ್ಟಿಲ್ಲ. ಒಗೆದ ಬಟ್ಟೆ ಒಣಗುತ್ತಿಲ್ಲವಾದ್ದರಿಂದ ಕತ್ತರಿಸುವ ಕೆಲಸ ನಿಧಾನವಾಗಿದೆ. ತಳಕ್ಕೆ ಹಳೆಯ ಹತ್ತಿ ಸೀರೆ, ನಡುವೆ ಧೋತರ, ಮೇಲೆ ಬಣ್ಣಬಣ್ಣದ ತುಣುಕುಗಳು. ಇಳಕಲ್ಲ ಸೀರೆಯ ಸೆರಗಿನ ಪಟ್ಟಿ, ಗುಳೇದಗುಡ್ಡದ ಖಣದ ಚೂರುಗಳು ಸಾಕಷ್ಟು ಸಿಕ್ಕಿವೆ. ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನದ ಹೂ ಕೂರಿಸುತ್ತಾರೆ. ನಮ್ಮಲ್ಲೊಬ್ಬರು ಅದನ್ನು ಬಲ್ಲರು. ಒಂದು ಕೌದಿಯ ಸುತ್ತ ನಾಲ್ಕು ಕಡೆಯಿಂದ ನಾಲ್ವರು ಕೂತು ಹೊಲಿಯಲು ಈ ಕ್ರಮ ಬಹಳ ಅನುಕೂಲ. ಎಲ್ಲರ ಹೊಲಿಗೆಯೂ ನಡುವಿನಲ್ಲಿ ಕೂಡುತ್ತದೆ, ಯಾವ ಸಾಲು ಯಾರದೆಂದು ಹೊಲಿದವರಿಗೂ ಗುರುತು ಸಿಗುವುದಿಲ್ಲ. ಎಲ್ಲ ಕೌದಿಗಳನ್ನೂ ಹೀಗೇ ಹೊಲಿಯುತ್ತಿದ್ದೇವೆ.

ಸೂಜಿಯ ಪ್ರಶ್ನೆ ಬಂದೇ ಬಂತು. ನಮ್ಮಲ್ಲೊಬ್ಬ ಹುಡುಗಿ ಹಿಂಜರಿಯುತ್ತಲೇ ಕೇಳಿದಳು: "ಅಕ್ಕಾ, ಬೆರಳಿಗೆ ಚುಚ್ಚಿ ರಕ್ತ ಬಂದರೆ?" ಕೇಳಿದ್ದು ಒಳ್ಳೆಯದೇ ಆಯಿತು. ಐಸಿಟಿಸಿಯ, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಉಚಿತ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ, ಆಪ್ತಸಮಾಲೋಚಕಿಯೊಬ್ಬರನ್ನು ಕರೆಸಿ ಎಲ್ಲರೆದುರು ಉತ್ತರ ಹೇಳಿಸಿದೆವು. ಹೊಲಿಗೆಯ ಸೂಜಿ ಸಿರಿಂಜಿನ ಸೂಜಿಯಂತೆ ಟೊಳ್ಳಲ್ಲ, ಒಳಗೆ ರಕ್ತ ನಿಲ್ಲುವುದಿಲ್ಲ. ದೇಹದಿಂದ ಹೊರಬಂದ ವೈರಸ್ ಬಲಹೀನವಾಗುತ್ತದೆ, ಒಣಗಿದ ಬಟ್ಟೆಯಿಂದ ಯಾರಿಗೂ ತಗಲುವುದಿಲ್ಲ. ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವವರ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದಿರುತ್ತದೆ. ಇಷ್ಟು ತಿಳಿದ ಮೇಲೆ ನಾವು ಮಾಡಿಕೊಂಡ ಏರ್ಪಾಟು ಸರಳ: ಪ್ರತಿಯೊಬ್ಬರಿಗೂ ಅವರದೇ ಸೂಜಿ. ಚುಚ್ಚಿಕೊಂಡರೆ ಕೈ ತೊಳೆದು ಪಟ್ಟಿ ಹಾಕಿಕೊಳ್ಳುವುದು. ಕಲೆಯಾದ ತುಣುಕನ್ನು, ಯಾರ ರಕ್ತವೇ ಆಗಲಿ, ಬಿಚ್ಚಿ ತೆಗೆದು ಬೇರೆ ತುಣುಕು ಕೂರಿಸುವುದು. ಹೊಲಿಯುವವರೆಲ್ಲ ಹೀಗೇ ಮಾಡಬೇಕು. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ನಿಯಮ ಮಾಡಿದ್ದರೆ ನಾನೇ ಈ ಕೆಲಸದಿಂದ ಎದ್ದು ಹೋಗುತ್ತಿದ್ದೆ.

ಸೆಪ್ಟೆಂಬರ್

ಹೊಲಿಯುತ್ತಾ ಕೂತಾಗ ಅಮೆರಿಕದ ಏಡ್ಸ್ ಸ್ಮಾರಕ ಕೌದಿಯ ಕಥೆ ಹೇಳಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1985ರ ನವೆಂಬರ್‌ನಲ್ಲಿ ಒಂದು ಮೆರವಣಿಗೆ ನಡೆಯಿತು. ಏಡ್ಸ್‌ನಿಂದ ತೀರಿಕೊಂಡ ತಮ್ಮವರ ಹೆಸರುಗಳನ್ನು ಫಲಕಗಳ ಮೇಲೆ ಬರೆದು ಜನ ಅಲ್ಲಿನ ಸರ್ಕಾರಿ ಕಟ್ಟಡವೊಂದರ ಗೋಡೆಗೆ ಅಂಟಿಸಿದರು. ಅದನ್ನು ನೋಡಿದ ಕ್ಲೀವ್ ಜೋನ್ಸ್ ಎಂಬ ಹೋರಾಟಗಾರನಿಗೆ ತುಣುಕು ತುಣುಕು ಜೋಡಿಸಿದ ಹೊದಿಕೆ ಕಂಡಂತಾಯಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಹುಲ್ಲುಹಾಸಿನ ಮೇಲೆ 1,920 ತುಣುಕುಗಳನ್ನು ಹಾಸಿದರು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಒಬ್ಬ ಮನುಷ್ಯನ ಸಮಾಧಿಯಷ್ಟು. ಮರುವರ್ಷ ಅದನ್ನು 20 ನಗರಗಳಿಗೆ ಒಯ್ದಾಗ ಸುಮಾರು 5 ಲಕ್ಷ ಡಾಲರ್ ಕೂಡಿತು, ಆ ಹಣ ರೋಗಿಗಳ ಸೇವೆ ಮಾಡುವ ಸಂಸ್ಥೆಗಳಿಗೆ ಹೋಯಿತು.

ಕಥೆ ಕೇಳಿ ಎಲ್ಲರೂ ಸುಮ್ಮನಾದರು. ಆಮೇಲೆ ಹಿರಿಯರೊಬ್ಬರು ಹೇಳಿದರು: "ಅವರಿಗೆ ಹೆಸರು ಬರೆಯುವ ಧೈರ್ಯವಿತ್ತು. ನನ್ನ ಮಗನ ಹೆಸರು ಬರೆದರೆ ಮೊಮ್ಮಗಳಿಗೆ ಗಂಡು ಸಿಗುವುದಿಲ್ಲ." ಅವರ ಮಗ ತೀರಿಕೊಂಡದ್ದು ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಔಷಧ, ಬರುವುದಕ್ಕೂ ಮುಂಚೆ. ಅದು ಆರಂಭವಾದದ್ದು 2004ರ ಏಪ್ರಿಲ್ 1ರಂದು. ಮೊದಲಿಗೆ ಸಿಕ್ಕ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ವಲ್ಪ ಮೊದಲು ಬಂದಿದ್ದರೆ ಎಂದು ಆ ತಾಯಿ ಇಂದಿಗೂ ಲೆಕ್ಕ ಹಾಕುತ್ತಾರೆ. ಅವರಿಗೆ ನಾನು ಏನು ಸಮಾಧಾನ ಹೇಳಲಿ?

ನಮ್ಮ ಕೌದಿಗಳಲ್ಲಿ ಹೆಸರಿಲ್ಲ. ಆದರೆ ಅವರ ಮಗನ ಒಂದು ಅಂಗಿಯ ಚೌಕ ತುಣುಕು ಒಂದು ಕೌದಿಯಲ್ಲಿ ಸೇರಿದೆ.

ಕೆಂಪು ರಿಬ್ಬನ್ನಿನ ಬಗ್ಗೆ ಜೋರು ಚರ್ಚೆಯೇ ಆಯಿತು. 1991ರಲ್ಲಿ ನ್ಯೂಯಾರ್ಕಿನ ಕಲಾವಿದರು ರೂಪಿಸಿದ ಈ ಗುರುತು ಈಗ ನಮ್ಮ ಹಳ್ಳಿಯ ಆಸ್ಪತ್ರೆಗಳ ಗೋಡೆಯ ಮೇಲೂ ಇದೆ. ಒಂದು ಮೂಲೆಯಲ್ಲಿ ಕೆಂಪು ಖಣದ ರಿಬ್ಬನ್ ಕೂರಿಸಿದರೆ ಚೆಂದ ಎಂದು ನಾನೇ ಹೇಳಿದ್ದೆ. ಕೌದಿಯನ್ನು ಒಗೆದು ಅಂಗಳದ ಹಗ್ಗದ ಮೇಲೆ ಒಣಗಹಾಕುತ್ತಾರೆ, ಓಣಿಯವರೆಲ್ಲ ನೋಡುತ್ತಾರೆ, ಕೊಂಡವರ ಮನೆಯನ್ನೇ ಅನುಮಾನಿಸುತ್ತಾರೆ ಎಂದು ಇಬ್ಬರು ವಾದಿಸಿದರು. ಹೆದರಿ ಮುಚ್ಚಿಡುವುದಾದರೆ ಜಾಗೃತಿ ಎಂಬ ಮಾತೇಕೆ ಎಂದು ಇನ್ನೊಬ್ಬರು. ಕೊನೆಗೆ ರಿಬ್ಬನ್ನನ್ನು ಕೌದಿಗೆ ಹೊಲಿಯದೆ, ಬಿಡಿಯಾಗಿ ಒಂದು ಚೀಟಿಗೆ ಹಚ್ಚಿ ಕೊಡುವುದೆಂದಾಯಿತು. ಚೀಟಿಯಲ್ಲಿ ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬ ನಾಲ್ಕು ಸಾಲು, ಕೆಳಗೆ ಉಚಿತ ಸಹಾಯವಾಣಿ 1097. ರಿಬ್ಬನ್ ತೋರಿಸುವುದು, ಬಿಡುವುದು ಕೊಂಡವರ ಇಷ್ಟ.

ಅಕ್ಟೋಬರ್

ದೀಪಾವಳಿಗೆ ಮನೆ ಸ್ವಚ್ಛಮಾಡುವ ಸಮಯ. ಕಪಾಟಿನ ತಳದಲ್ಲಿದ್ದ ಸೀರೆಗಳು ಹೊರಬಂದು ನಮ್ಮ ಬಟ್ಟೆಯ ಕೊರತೆ ನೀಗಿದೆ. ಹೊಲಿಗೆ ಚೆನ್ನಾಗಿ ಸಾಗಿದೆ. ಈ ತಿಂಗಳ ಬರವಣಿಗೆ ಹೆಚ್ಚಾಗಿ ಹಣದ ಕುರಿತು.

"ಔಷಧ ಉಚಿತವಲ್ಲವೇ, ಮತ್ತೆ ಹಣ ಏಕೆ?" ಎಂದು ಹಲವರು ಕೇಳಿದ್ದಾರೆ. ಹೌದು, ಔಷಧ ಉಚಿತ, ಪರೀಕ್ಷೆ ಉಚಿತ, ರಕ್ತದಲ್ಲಿನ ವೈರಸ್ ಪ್ರಮಾಣ ಅಳೆಯುವ ಪರೀಕ್ಷೆಯೂ ಎಆರ್‌ಟಿ ಕೇಂದ್ರದ ಮೂಲಕ ಉಚಿತ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೆಯ ಹಂತಕ್ಕೆ, ಅಂದರೆ 2021ರಿಂದ 2026ರವರೆಗೆ, ಕೇಂದ್ರ ಸರ್ಕಾರ 15,471.94 ಕೋಟಿ ರೂಪಾಯಿ ತೆಗೆದಿರಿಸಿತ್ತು. ಇದು ಸಣ್ಣ ಮಾತಲ್ಲ. ಆದರೆ ಕೂಲಿ ಮಾಡುವವರು ಮಾತ್ರೆ ತರಲು ಒಂದು ದಿನ ಕೇಂದ್ರಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದದ್ದು ಒಕ್ಕೂಟದ ಹೆಣ್ಣುಮಕ್ಕಳಿಗೆ ದೊಡ್ಡ ಆಸರೆ. ಗಂಡಸರಿಗೆ ಆ ಅನುಕೂಲವಿಲ್ಲ, ತಿಂಗಳ ಮಾತ್ರೆ ತಪ್ಪಿಸುವವರಲ್ಲಿ ಅವರೇ ಹೆಚ್ಚು ಎಂದು ಒಕ್ಕೂಟದವರು ಹೇಳುತ್ತಾರೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇದೆ. ಹಾಗಾಗಿ ನಮ್ಮ ನಿಧಿಯ ಮೊದಲ ಖರ್ಚು ಬಸ್ ಚಾರ್ಜು. ಎರಡನೆಯದು ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಮೊಟ್ಟೆ, ಶೇಂಗಾ, ಬೇಳೆ. ಯಾರಿಗೆ ಎಷ್ಟು ಎಂಬುದನ್ನು ಒಕ್ಕೂಟವೇ ನಿರ್ಧರಿಸುತ್ತದೆ, ನಾವಲ್ಲ.

ಅಮೆರಿಕದಲ್ಲಿ ನೆಲೆಸಿರುವ ಓಣಿಯ ಮಗಳೊಬ್ಬಳು ಗೆಳತಿಯರಿಂದ ಡಾಲರ್ ಕೂಡಿಸಿ ಕಳುಹಿಸುತ್ತೇನೆ ಎಂದಳು. ವಿದೇಶಿ ಪೌರರಿಂದ ದೇಣಿಗೆ ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು, ಅದು ನಮಗಿಲ್ಲ. ಇನ್ನೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ಆ ಕಾಯ್ದೆಯ ವಿದೇಶಿ ವಂತಿಗೆಗೆ ಸೇರುವುದಿಲ್ಲ. ಹಾಗಾಗಿ ಅವಳು ತನ್ನ ಪಾಲನ್ನು ಮಾತ್ರ ಕಳುಹಿಸಿದ್ದಾಳೆ. ಹೀಗೆ ನಿಧಿ ಕೂಡಿಸುವವರು ಈ ವಿಷಯವನ್ನು ಮೊದಲೇ ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ದೊಡ್ಡ ಮೊತ್ತವನ್ನು ಬೇಡವೆಂದೆವು. ಕೊಡಲು ಬಂದವರು ಒಳ್ಳೆಯ ಮನಸ್ಸಿನವರೇ. ಆದರೆ ನೆರವು ಪಡೆಯುವ ಮಕ್ಕಳ ಫೋಟೊ ಬೇಕು, ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಇನ್ನಷ್ಟು ಜನ ಕರಗುತ್ತಾರೆ ಎಂದರು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಸೋಂಕಿತರ ಸ್ಥಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಎಂಟು ವರ್ಷದ ಹುಡುಗಿಯ ಮುಖ ಇಂದು ಅಚ್ಚಾದರೆ, ಹದಿನೆಂಟಕ್ಕೆ ಕಾಲೇಜು ಸೇರಿದಾಗಲೂ ಅದು ಯಾರದೋ ಮೊಬೈಲಿನಲ್ಲಿ ಇರುತ್ತದೆ. ಒಪ್ಪಿಗೆ ಕೇಳಿದರೆ ಆ ತಾಯಿ ಕೊಟ್ಟಾಳು, ಯಾಕೆಂದರೆ ನೆರವು ನಿಂತೀತು ಎಂಬ ಭಯ ಅವಳಿಗೆ. ಹಾಗೆ ಪಡೆದದ್ದನ್ನು ನಾನು ಒಪ್ಪಿಗೆ ಎನ್ನಲಾರೆ. ಹಣ ಬೇಕೆಂದರೆ ಮುಖ ತೋರಿಸು ಎಂಬ ಪದ್ಧತಿ ನಿಲ್ಲಬೇಕು. ತೋರಿಸಲು ನಮ್ಮ ಬಳಿ ಕೌದಿ ಇದೆ.

ನವೆಂಬರ್

ಕಾಲೇಜೊಂದರ ರೆಡ್ ರಿಬ್ಬನ್ ಕ್ಲಬ್ಬಿನವರು, ಅಂದರೆ ಎಚ್‌ಐವಿ ಜಾಗೃತಿಯ ವಿದ್ಯಾರ್ಥಿ ಕೂಟದವರು, ಕರೆದಿದ್ದರು. ಅರ್ಧ ಹೊಲಿದ ಕೌದಿಯನ್ನು ಜೊತೆಗೆ ಒಯ್ದೆವು. ಕೇಳಲು ಸಂಕೋಚವಾದೀತೆಂದು ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿ ಡಬ್ಬಿಗೆ ಹಾಕಿಸಿದೆವು. ಸೊಳ್ಳೆಯಿಂದ ಬರುತ್ತದೆಯೇ ಎಂಬ ಚೀಟಿ ಈಗಲೂ ಬರುತ್ತದೆ. ಬರುವುದಿಲ್ಲ. ಆದರೆ ಒಂದು ಚೀಟಿ ನನ್ನನ್ನು ಬಹಳ ಕಾಡಿತು: "ಹೋದ ವಾರ ತಪ್ಪಾಗಿದೆ. ಈಗ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?" ಬರೆದವರು ಯಾರೆಂದು ತಿಳಿಯದು, ಆ ಸಭೆಯಲ್ಲೇ ಕೂತಿದ್ದರು. ಆಪ್ತಸಮಾಲೋಚಕಿ ಅದಕ್ಕೆ ನಿಧಾನವಾಗಿ ಉತ್ತರ ಕೊಟ್ಟರು. ಸೋಂಕು ತಗಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದಿರಬಹುದು. ಈಗೊಮ್ಮೆ ಮಾಡಿಸಿ, ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಅಪಾಯ ಎದುರಾಗಿ 72 ಗಂಟೆ ಕಳೆಯುವುದರೊಳಗೆ ಆಸ್ಪತ್ರೆಗೆ ಹೋದರೆ ಸೋಂಕು ತಡೆಯುವ ಮಾತ್ರೆಗಳನ್ನು 28 ದಿನ ಕೊಡುತ್ತಾರೆ, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಈ 72 ಗಂಟೆಯ ವಿಷಯ ಅಲ್ಲಿದ್ದ ಉಪನ್ಯಾಸಕರಿಗೂ ಹೊಸದು.

ಸೋಂಕಿತರು ಮದುವೆಯಾಗಿ ಮಕ್ಕಳನ್ನು ಪಡೆಯಬಹುದೇ ಎಂದು ಹಲವು ಹುಡುಗಿಯರು ಬರೆದಿದ್ದರು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ 15ರಿಂದ 45. ಗರ್ಭಿಣಿ ಎಆರ್‌ಟಿ ತೆಗೆದುಕೊಂಡು, ಹುಟ್ಟಿದ ಮಗುವಿಗೂ ಔಷಧ ಕೊಟ್ಟರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ನಮ್ಮ ಗುಂಪಿನಲ್ಲೇ ಇಂಥ ತಾಯಿ ಇದ್ದಾರೆ. ಅವರ ಗಂಡನಿಗೂ ಮಗನಿಗೂ ಸೋಂಕಿಲ್ಲ.

ನಾನು ಶಾಲೆಯಲ್ಲಿದ್ದಾಗ ಏಡ್ಸ್ ಎಂದರೆ ಗೋಡೆಯ ಮೇಲಿನ ತಲೆಬುರುಡೆ, ಕೆಳಗೆ ಸಾವಿನ ಮಾತು. ಆ ಚಿತ್ರ ನೋಡಿ ಹೆದರಿದವರು ಪರೀಕ್ಷೆಗೆ ಹೋಗಲಿಲ್ಲ, ಪರೀಕ್ಷೆಯಿಂದ ಓಡಿದರು. ಇಂದು ದಿನಕ್ಕೊಂದು ಮಾತ್ರೆ ನುಂಗಿ ಹೊಲಗೆಲಸ ಮಾಡಿಕೊಂಡು, ಮೊಮ್ಮಕ್ಕಳನ್ನು ಎತ್ತಾಡಿಸುವವರು ನಮ್ಮ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಾರೆ. ಜಾಗೃತಿಯ ಕೆಲಸ ಮಾಡುವವರು ಮೊದಲು ಹೇಳಬೇಕಾದದ್ದು ಇದನ್ನೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಡಿಸೆಂಬರ್ 1

ಶಾಲೆಯ ಅಂಗಳದಲ್ಲಿ ಹಗ್ಗ ಕಟ್ಟಿ ಕೌದಿಗಳನ್ನು ತೂಗುಹಾಕಿದ್ದೆವು. ಬೆಲೆ ಅಳತೆಗೆ ತಕ್ಕಂತೆ, ದೊಡ್ಡದಕ್ಕೆ ಮೂರು ಸಾವಿರದ ಆಸುಪಾಸು. ತೊಟ್ಟಿಲ ಮಗುವಿನ ಚಿಕ್ಕ ಕೌದಿಗಳು ಮಧ್ಯಾಹ್ನದೊಳಗೇ ಖಾಲಿಯಾದವು.

ನಿರೀಕ್ಷಿಸಿದ ಪ್ರಶ್ನೆ ಬಂತು. ಹಿರಿಯರೊಬ್ಬರು ಕೌದಿಯ ಅಂಚು ಹಿಡಿದುಕೊಂಡೇ ಕೇಳಿದರು: "ತಂಗಿ, ಇದನ್ನು ಹೊಲಿದವರಿಗೆ ಆ ರೋಗ ಇದೆಯೇನು?" "ಅಜ್ಜಾ, ಹಲವರು ಕೂಡಿ ಹೊಲಿದಿದ್ದೇವೆ. ಕೆಲವರಿಗೆ ಸೋಂಕಿದೆ, ಕೆಲವರಿಗಿಲ್ಲ. ಯಾರಿಗೆ ಎಂದು ಹೇಳುವುದಿಲ್ಲ. ಹೊದ್ದುಕೊಂಡವರಿಗೆ ಇದರಿಂದ ಏನೂ ಆಗುವುದಿಲ್ಲ" ಎಂದೆ. ಅವರು ಚೀಟಿ ಓದಿ, ಕೌದಿಯನ್ನು ಬಿಟ್ಟು ಹೋದರು. ಹಾಗೆ ಬಿಟ್ಟು ಹೋದವರು ಇನ್ನೂ ಇದ್ದರು. ಒಬ್ಬಾಕೆ ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ನಮ್ಮ ಗುಂಪಿನವರು ನೋಡಿದರು. ಅದಕ್ಕೆ ಬಹಳ ನೊಂದೆ.

ನವಲಗುಂದ ಕಡೆಯ ಗಂಡಹೆಂಡಿರು ಕಾರಣ ಕೇಳಿ ತಿಳಿದುಕೊಂಡು, ಚೀಟಿಯನ್ನೂ ಓದಿಸಿಕೊಂಡು, ಆಮೇಲೆ ಸಂತೆಯಲ್ಲಿ ಮಾಡುವಂತೆಯೇ ಚೌಕಾಶಿಗೆ ನಿಂತರು. ಮೂಲೆಯ ಹೂ ಸಣ್ಣದಾಯಿತು, ಇಲ್ಲಿ ಬಣ್ಣ ಮಾಸಿದೆ, ಇನ್ನೂರು ಕಡಿಮೆ ಮಾಡಿ ಎಂದರು. ರೋಗದ ಮಾತೇ ಇಲ್ಲ, ಬರೀ ಕೌದಿಯ ಗುಣದೋಷ. ನನ್ನ ಪಕ್ಕದಲ್ಲಿದ್ದ ನಮ್ಮ ಗುಂಪಿನ ಅಕ್ಕ ಖುಷಿಯಿಂದ ಇನ್ನೂರನ್ನೂ ಬಿಟ್ಟುಕೊಟ್ಟರು. ಅಂಗಿಯ ಚೌಕವಿದ್ದ ಕೌದಿ ಅವರ ಪಾಲಾಯಿತು.

ಡಿಸೆಂಬರ್, ಮೂರನೆಯ ವಾರ

ದಾರ, ಚೀಟಿಯ ಮುದ್ರಣದ ಖರ್ಚು ಕಳೆದು ಉಳಿದದ್ದೆಲ್ಲ ಒಕ್ಕೂಟದ ಖಾತೆಗೆ ಜಮೆಯಾಗಿದೆ. ರಸೀದಿ ನನ್ನ ಬಳಿ ಇದೆ, ಕೊಂಡವರು ಕೇಳಿದರೆ ತೋರಿಸುತ್ತೇನೆ. ಜನವರಿಯಿಂದ ಬಸ್ ಚಾರ್ಜು ಕೊಡಲು ಆರಂಭಿಸುತ್ತಾರೆ. ಮಕ್ಕಳ ಆಹಾರಕ್ಕೆ ಈ ಹಣ ಬೇಸಿಗೆಯವರೆಗೆ ಸಾಕಾಗಬಹುದು, ಅದರಾಚೆಗೆ ಸಾಲದು. ಮಾರಾಟವಾಗದೆ ಉಳಿದ ದೊಡ್ಡ ಕೌದಿಗಳನ್ನು ಹುಬ್ಬಳ್ಳಿಯ ಗೆಳತಿಯೊಬ್ಬರು ತಮ್ಮ ಅಂಗಡಿಯಲ್ಲಿ ಇಡಲು ಒಪ್ಪಿದ್ದಾರೆ, ಚೀಟಿಯ ಸಮೇತ.

ಸಂಕ್ರಾಂತಿ ಮುಗಿದ ಮೇಲೆ ಮುಂದಿನ ಕೌದಿಗಳಿಗೆ ಬಟ್ಟೆ ಕತ್ತರಿಸುತ್ತೇವೆ. ತೊಟ್ಟಿಲ ಕೌದಿಗೆ ಬೇಡಿಕೆ ಹೆಚ್ಚಿರುವುದರಿಂದ ಈ ಸಲ ಅವೇ ಹೆಚ್ಚು. ಹಳೆಯ ಸೀರೆ, ಧೋತರ ಕೊಡುವವರು ಒಗೆದು ಒಣಗಿಸಿ ಕೊಡಿ. ಹತ್ತಿಯದು ಮಾತ್ರ ಇರಲಿ, ಪಾಲಿಯೆಸ್ಟರ್ ಮಕ್ಕಳ ಮೈಗೆ ಒಗ್ಗುವುದಿಲ್ಲ, ಸೂಜಿಯೂ ಸಲೀಸಾಗಿ ಓಡುವುದಿಲ್ಲ.